ಶ್ರೀಶೈಲಪ್ಪನ ಕೊರಿಯಾ ಖಾನಾವಳಿ

"ಲಿಂಗ ಹಿಡಿದು ಹೇಳ್ರಿ. ನಿಮ್ಮ ಖಾನಾವಳಿಯೊಳಗ ಮೀನ ಹಾಕ್ತೀರೋ ಇಲ್ಲೋ?"

ಬೀಗರಾಗಬೇಕಿದ್ದ ಬಸವನ ಬಾಗೇವಾಡಿಯ ಶಂಕರೆಪ್ಪ ಹೀಗೆ ಕೇಳಿದಾಗ, ಹುಡುಗಿಯ ಬಾಯಿಗೆ ಹಾಕಬೇಕಿದ್ದ ನಿಶ್ಚಯದ ಸಕ್ಕರೆ ತಟ್ಟೆಯಲ್ಲೇ ಉಳಿಯಿತು. ಒಳಬಾಗಿಲಲ್ಲಿ ನಿಂತಿದ್ದ ಇಂದುಬಾಯಿಯ ಮುಖ ಬಿಳಿಚಿಕೊಂಡಿತು. ಪಾಪ, ಆಕೆಗಾಗಲೇ ಇಪ್ಪತ್ತಮೂರು. ಮೂರು ಸಂಬಂಧಗಳು ಇದೇ ಮಾತಿಗೆ ಮುರಿದಿದ್ದವು...

ಅವಳ ಅಪ್ಪ ಶ್ರೀಶೈಲಪ್ಪ ದಂಡಿನಲ್ಲಿ ಅಡುಗೆಯವನಾಗಿದ್ದವನು. ಕೊರಿಯಾದಲ್ಲಿ ಕಾಳಗ ನಿಂತ ವರ್ಷ ಸೆರೆಯಾಳುಗಳ ಕಾವಲಿಗೆ ಹೊರಟ ನಮ್ಮ ಪಡೆಯೊಂದಿಗೆ ಹೋಗಿ, ಅಲ್ಲಿಯವರು ಎಲೆಕೋಸಿಗೆ ಖಾರ ಹಚ್ಚಿ ಹುಳಿ ಬರಿಸುವುದನ್ನು ಕಲಿತು ಬಂದಿದ್ದ. ನಿವೃತ್ತನಾದ ಮೇಲೆ ಮುದ್ದೇಬಿಹಾಳದ ಮಾರುಕಟ್ಟೆ ಅಂಗಳದೆದುರು ನಾಲ್ಕು ಬೆಂಚು ಹಾಕಿದ. ಅಲ್ಲಿಯವರಂತೆ ಗಡಿಗೆಯನ್ನು ನೆಲದಲ್ಲಿ ಹೂತರೆ ನಮ್ಮ ಬಿಸಿಲಿಗೆ ಎರಡೇ ದಿನದಲ್ಲಿ ಕೊಳೆತು ನಾರಿತು. ಆಮೇಲೆ ನೀರಿನ ಹರವಿಯ ಬುಡದ ತೇವದ ಮರಳಿನಲ್ಲಿಟ್ಟ. ಅಲ್ಲಿಯವರು ಹಾಕುವ ಮೀನಿನ ರಸದ ಬದಲು ಹುಳಿ ಬಂದ ಜೋಳದ ಅಂಬಲಿ ಬೆರೆಸಿದ. ಎಲೆಕೋಸು ಸಿಗದ ಬೇಸಿಗೆಯಲ್ಲಿ ಮೂಲಂಗಿ, ಸವತೆಕಾಯಿಗೆ ಹೊಂದಿಕೊಂಡ. ಇಂದುಬಾಯಿಯೇ ಅವನ ಬಲಗೈ. ಸಿಂದಗಿ, ಇಂಡಿ ತಾಲೂಕುಗಳ ಕಡೆಯಿಂದ ಕಾಳು ತಂದ ರೈತರು ರೊಟ್ಟಿಯ ಜೊತೆ 'ಕೊರಿಯಾ ಪಲ್ಲೆ' ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅಲ್ಲಿ ಮೀನು ಹಾಕುತ್ತಾರೆ, ನಾನು ಅಂಬಲಿ ಹಾಕುತ್ತೇನೆ ಎಂದು ಈ ಹುಂಬ ಎಲ್ಲರಿಗೂ ಹೆಮ್ಮೆಯಿಂದ ಹೇಳುತ್ತಿದ್ದ. ಜನ ಮೀನನ್ನಷ್ಟೇ ಊರಿಗೆ ಒಯ್ದರು.

ಶ್ರೀಶೈಲಪ್ಪ ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡ.

"ಒಂದ ದಿನಾನೂ ಹಾಕಿಲ್ರಿ."

"ಅಲ್ಲಿದ್ದಾಗ ತಿಂದೀರೇನು?"

ಇಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹೆಂಡತಿ ಗುರವ್ವ ಕಣ್ಣಲ್ಲೇ ಬೇಡಿಕೊಂಡಳು. ಆದರೆ ಲಿಂಗ ಅಂಗೈಯಲ್ಲಿತ್ತು...

"ಹಿಮದಾಗ ಗಾಡಿ ಸಿಕ್ಕೊಂಡು ಮೂರು ದಿನ ಉಪಾಸ ಇದ್ದೆವ್ರಿ. ಒಬ್ಬಾಕಿ ಮುದುಕಿ ತನ್ನ ಪಾಲಿಂದು ಕೊಟ್ಟಳು. ಮೀನ ಐತಿ ಅಂತ ಗೊತ್ತಿದ್ದೂ ತಿಂದೇನಿ."

ಶಂಕರೆಪ್ಪ ಸಕ್ಕರೆಯ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

"ಹುಡುಗಿ ನಮಗ ಪಸಂದ ಬಂದಾಳ. ಖಾನಾವಳಿ ಮುಚ್ಚರಿ. ಮತ್ತ ನಮ್ಮ ಪಂಕ್ತಿಯೊಳಗ ನೀವು ಕುಂಡ್ರಬಾರದು. ಒಪ್ಪಿದ್ರ ಈಗ ಸಕ್ಕರಿ ಹಾಕೂಣು."

ಶ್ರೀಶೈಲಪ್ಪ ಮಗಳ ಕಡೆ ನೋಡಿದ. ತನ್ನ ಜೊತೆ ಕೈ ಉರಿಯುವಷ್ಟು ಖಾರ ಕಲಸಿದವಳು ಬೇಡ ಎಂದಾಳೆಂದು ಅವನ ಜೀವ ಕಾದಿತ್ತು.

"ಮುಚ್ಚಿಬಿಡಪಾ..." ಎಂದಳು ಇಂದುಬಾಯಿ, ನೆಲ ನೋಡುತ್ತ. "ಇನ್ನೊಬ್ಬರ ಮುಂದ ಹೋಗಿ ಕುಂಡ್ರಾಕ ನನ್ನ ಕೈಲಿ ಆಗೂದಿಲ್ಲ."

ಅವನಿಗೆ ಸಿಟ್ಟು ಬರಲಿಲ್ಲ. ಮರುದಿನವೇ ಗಡಿಗೆಗಳನ್ನೆಲ್ಲ ಹಿತ್ತಲಲ್ಲಿ ಬರಿದು ಮಾಡಿ, ಬೆಂಚುಗಳನ್ನು ಮಾರಿದ.

ಮದುವೆ ಬಾಗೇವಾಡಿಯಲ್ಲಾಯಿತು. ಶ್ರೀಶೈಲಪ್ಪನಿಗೆ ಚಪ್ಪರದ ಹೊರಗೆ ಒಂಟಿ ಎಲೆ. ಮದುಮಗಳು ಪಂಕ್ತಿಗೆ ಹೋಳಿಗೆ ಬಡಿಸುವುದು ಆ ಮನೆಯ ಪದ್ಧತಿ. ಇಂದುಬಾಯಿ ಬಡಿಸುತ್ತ ಚಪ್ಪರದ ಅಂಚಿಗೆ ಬಂದು ನಿಂತಳು. ಅತ್ತೆ ಬೆನ್ನ ಹಿಂದೆಯೇ ಇದ್ದಳು. ಒಂದು ಹೆಜ್ಜೆ ಇಟ್ಟರೆ ಅಪ್ಪ, ಇಡದಿದ್ದರೆ ಗಂಡನ ಮನೆ...

ಶ್ರೀಶೈಲಪ್ಪ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ.

"ಸಾಕವ್ವ, ಹೊಟ್ಟಿ ತುಂಬೇತಿ. ಒಳಗಿನವರಿಗೆ ಬಡಸ ಹೋಗು."

ಅವಳು ತಿರುಗಿ ಹೋದಳು. ಅವನ ಎಲೆಗೆ ಇನ್ನೂ ಉಪ್ಪನ್ನೂ ಬಡಿಸಿರಲಿಲ್ಲ.