ಕಾರ್ಡ್ ಕಿತ್ತ ಮೇಲೆ

2003ರಲ್ಲಿ ಸತ್ಯಮಂಗಲದ ಸಣ್ಣ ಕಂಪನಿಯೊಂದರಲ್ಲಿ ನಾನು ಲಿನಕ್ಸ್ ಕಂಪ್ಯೂಟರುಗಳಿಗೆ ಧ್ವನಿ ರೆಕಾರ್ಡ್ ಮಾಡುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್, ಬರೆದೆ. ಸುಳ್ಳು. ಬರೆದವನು ಸಹೋದ್ಯೋಗಿ ನಯೀಮ್, ಗುಬ್ಬಿಯವನು. ಅವನು ತೀರಿಕೊಂಡ ವಾರವೇ ಕೋಡಿನಲ್ಲಿದ್ದ ಅವನ ಹೆಸರು ಅಳಿಸಿ ನನ್ನದನ್ನು ಹಾಕಿಕೊಂಡೆ.

"ಕರ್ನಲ್ ವರ್ಷನ್ ನೋಡಿ ನಂಬ್ಬೇಡ ಕಣೋ, ರೆಕಾರ್ಡಿಂಗ್ ಇದ್ಯಾ ಅಂತ ಅದನ್ನೇ ಕೇಳು," ಅನ್ನುತ್ತಿದ್ದ ನಯೀಮ್. ಹಾಗಾಗಿ ಲೈಬ್ರರಿ ಶುರುವಿನಲ್ಲೇ ಲಿನಕ್ಸಿನ ತಿರುಳಾದ ಕರ್ನಲ್ಲನ್ನು, ರೆಕಾರ್ಡಿಂಗ್ ಸೌಲಭ್ಯ ಇದೆಯೇ ಎಂದು ಕೇಳುತ್ತಿತ್ತು. ‘ಇದೆ’ ಅಥವಾ ‘ಇಲ್ಲ’ ಎಂದು ಉತ್ತರ ಬರುತ್ತಿತ್ತು.

ಒಂದು ಮಧ್ಯಾಹ್ನ ‘ಇಲ್ಲ’ ಬರುತ್ತದೋ ನೋಡಲು, ರೆಕಾರ್ಡಿಂಗಿಗೆ ಬೇಕೇ ಬೇಕಾದ ಸೌಂಡ್ ಕಾರ್ಡನ್ನೇ ಕಿತ್ತು ಮೇಜಿನ ಮೇಲಿಟ್ಟೆ. ‘ಇದೆ’ ಎಂದು ಬಂತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ‘ಇದೆ’. ಗಂಟೆ ಕಳೆದರೂ ಮೇಜಿನ ಮೇಲಿನ ಕಾರ್ಡ್ ಬೆಚ್ಚಗಿತ್ತು.

ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಕಾರ್ಡ್ ಇದ್ದ ಪಕ್ಕದ ಕಂಪ್ಯೂಟರಿನಲ್ಲಿ ಕೇಳಿದೆ. ಮೈಕನ್ನು ಉಂಗುರದಿಂದ ಎರಡು ಸಲ ಕುಟ್ಟಿದ ಸದ್ದು, ಆಮೇಲೆ "ಗುಬ್ಬಿ, ಗುಬ್ಬಿ" ಎಂಬ ದನಿ. ನಾವೆಲ್ಲ ಹಲೋ ಎಂದು ಮೈಕ್ ಪರೀಕ್ಷಿಸುತ್ತಿದ್ದೆವು. ಉಂಗುರದಿಂದ ಕುಟ್ಟಿ ಊರಿನ ಹೆಸರು ಹೇಳುತ್ತಿದ್ದವನು ನಯೀಮ್ ಒಬ್ಬನೇ.

ಆ ಫೈಲ್ ಅಳಿಸಿ, ಲೈಬ್ರರಿಯನ್ನು ಗಿರಾಕಿಗಳಿಗೆ ಕಳಿಸಿದೆ. ವಾರದ ಮೇಲೆ ಕುಣಿಗಲ್‌ನ ಗಿರಾಕಿ ಹನುಮಂತರಾಜು ಫೋನ್ ಮಾಡಿದರು.

"ಸೌಂಡ್ ಕಾರ್ಡ್ ಇನ್ನೂ ಹಾಕ್ಸೇ ಇಲ್ಲ ಸಾರ್. ಆದ್ರೂ ರೆಕಾರ್ಡ್ ಆಗ್ತೈತೆ. ಯಾರೋ ನಿಮ್ ಹೆಸ್ರು ಹಿಡ್ದು ಕರೀತಾವ್ರೆ."