ಸೀಳಿದ್ದನ್ನು ಹೊಲಿದವನು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದರು ಠಾಣೆಗೆ ದೂರು ಬಂತು. ತಂದವರು ಕರಾವಳಿ ಕಾವಲು ಪಡೆಯ ಸುರಕ್ಷತಾಧಿಕಾರಿ. ಒದ್ದೆಯಾದ ಲೈಫ್ ಜಾಕೆಟ್ಟೊಂದನ್ನು ಇನ್‌ಸ್ಪೆಕ್ಟರ ಮೇಜಿನ ಮೇಲಿಟ್ಟು, "ಇದು ನಿನ್ನೆ ಒಬ್ಬನ ಪ್ರಾಣ ತೆಗೀತಿತ್ತು," ಎಂದರು.

ಆ ಅಧಿಕಾರಿ ಇಡೀ ಸೇವೆಯನ್ನು ದೋಣಿಗಳ ತಪಾಸಣೆಯಲ್ಲೇ ಸವೆಸಿದವರು. ಅವರು ಸಮುದ್ರದಿಂದ ಎತ್ತಿದವರಲ್ಲಿ ಉಸಿರಿದ್ದವರೂ ಇದ್ದರು, ಇಲ್ಲದವರೂ ಇದ್ದರು. ಒಳಗಿನ ಬೆಂಡು ಹಳತಾಗಿ ನೀರು ಹೀರತೊಡಗಿದ ಜಾಕೆಟ್ಟನ್ನು ಯಾರೂ ಮತ್ತೆ ತೊಡದಂತೆ ಎದೆಯುದ್ದಕ್ಕೂ ಸೀಳಿಯೇ ಎಸೆಯುವುದು ಅವರ ಕಟ್ಟುನಿಟ್ಟು. ಈ ಜಾಕೆಟ್ಟಿನ ಸೀಳನ್ನು ಯಾರೋ ಅಚ್ಚುಕಟ್ಟಾಗಿ ಹೊಲಿದಿದ್ದರು. ಪಡೆಯ ಉಗ್ರಾಣದ ಮೂಲೆಯಲ್ಲಿ ಸೀಳಿ ಹಾಕಿದ್ದ ರಾಶಿಯಿಂದ ಇನ್ನೂ ಕೆಲವು ಕಾಣೆಯಾಗಿದ್ದವು.

"ಹಾಕ್ಕೊಂಡಿದ್ದೋನು ಏನಂತಾನೆ?"

"ದೋಣೀಲಿ ಯಾರೋ ಇಟ್ಟು ಹೋಗಿದ್ರಂತೆ. ದೇವರೇ ಕೊಟ್ಟ ಅಂದ್ಕೊಂಡಿದಾನೆ ಪಾಪ. ಸಂಜೆ ದೋಣಿಗಳು ಹೊರಡೋದ್ರೊಳಗೆ ಉಳಿದವು ಸಿಗಬೇಕು ಸಾರ್."

ಎಫ್‌ಐಆರ್ ದಾಖಲಾಯಿತು. ಉಗ್ರಾಣದಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ; ಕದ್ದವನು ಬಾಗಿಲಿನಿಂದಲೇ ಬಂದು ಹೋಗುವವನು.

ಹೆಡ್ ಕಾನ್‌ಸ್ಟೇಬಲ್ ಜಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಲಿಗೆಯ ತುದಿಯಲ್ಲಿ ಪುಟ್ಟದೊಂದು ತ್ರಿಕೋನ. ಅವನ ಕಣ್ಣು ಮೆಲ್ಲನೆ ಇನ್‌ಸ್ಪೆಕ್ಟರ ಎದೆಯತ್ತ ಹೊರಳಿತು.

"ಏನಯ್ಯಾ, ಹಾಗೆ ನೋಡ್ತೀಯ?"

"ಸಾಕ್ಷಿ ನಿಮ್ಮ ಜೇಬಿನ ಮೇಲೇ ಇದೆ ಸಾರ್."

ಅದೇ ತ್ರಿಕೋನ. ಅಧಿಕಾರಿಯ ಜೇಬಿನ ಮೇಲೂ ಅದೇ. ಎರಡೂ ಇಲಾಖೆಗೆ ಸಮವಸ್ತ್ರ ಹೊಲಿಯುವ ದರ್ಜಿ ಒಬ್ಬನೇ. ಅಳತೆ ತೆಗೆಯಲು ಅವನು ಉಗ್ರಾಣಕ್ಕೇ ಬರುತ್ತಿದ್ದ.

ಮಧ್ಯಾಹ್ನ ಮೂವರೂ ಅಂಗಡಿಗೆ ಹೋದಾಗ ದರ್ಜಿಯಜ್ಜ ಮೆಷಿನ್ನು ತುಳಿಯುತ್ತಿದ್ದ.

"ಬನ್ನಿ ಸಾಹೇಬ್ರೆ, ಷರಟು ಬಿಗಿ ಆಯ್ತಾ? ಹೊಟ್ಟೆ ಬರ್ತಿದೆ ಅಂತ ಆವತ್ತೇ ಹೇಳಿದ್ದೆ."

"ಇದನ್ನ ಹೊಲಿದೋರು ನೀವೇನಾ ಅಜ್ಜಾ?"

ಮೆಷಿನ್ನು ನಿಂತಿತು. "ಹೂಂ, ನಾನೇ. ಗಟ್ಟಿಮುಟ್ಟಾದ್ದನ್ನ ಚಾಕು ಹಾಕಿ ಹಾಳು ಮಾಡ್ತಿದ್ರು. ಇಲ್ಲದೋರ ದೋಣೀಲಿ ಇಟ್ಟು ಬಂದೆ. ತಪ್ಪಾ?"

ಅಧಿಕಾರಿ ಹಿತ್ತಲಿನ ನೀರಿನ ತೊಟ್ಟಿಗೆ ಜಾಕೆಟ್ಟನ್ನು ಬಿಟ್ಟರು. ಅದು ಗುಳುಗುಳು ಎನ್ನುತ್ತ ತಳ ಸೇರಿತು.

ಅಜ್ಜನ ಮುಖ ಬಿಳಿಚಿಕೊಂಡಿತು. "ಅಯ್ಯೋ ದೇವರೇ! ನಡೀರಿ, ನಡೀರಿ, ಯಾವ್ಯಾವ ದೋಣಿ ಅಂತ ನಾನೇ ತೋರಿಸ್ತೀನಿ." ಕಳ್ಳ ಮುಂದೆ ಓಡಿದ, ಪೊಲೀಸರು ಹಿಂದೆ. ಕೊನೆಯ ದೋಣಿ ಆಗಲೇ ಹಗ್ಗ ಬಿಚ್ಚಿತ್ತು. ಮೊಣಕಾಲುದ್ದದ ನೀರಿಗಿಳಿದು ಅಜ್ಜ ಕೂಗಿದ: "ಬಿಚ್ಚೋ ಅದನ್ನ! ಬಿಚ್ಚಿ ಎಸೆಯೋ ಮಗನೇ!"

ಉಳಿದ ಜಾಕೆಟ್ಟುಗಳೆಲ್ಲ ಸಿಕ್ಕವು; ಸಂಜೆ ಐದಕ್ಕೆ ಅಜ್ಜನ ಬಂಧನವಾಯಿತು. ಬಹಳ ಹಿಂದೆ ಜಾಕೆಟ್ಟಿಲ್ಲದೆ ದೋಣಿ ಹತ್ತಿದ ತಮ್ಮ ಮರಳಲಿಲ್ಲವೆಂದು ಅಜ್ಜ ಹೇಳಿಕೆ ಕೊಟ್ಟ. ಆ ತಮ್ಮನಿಗೆಂದು ಹೊಲಿದು ಗುಂಡಿ ಹಾಕದೆ ಉಳಿದ ಷರಟು ಅಂಗಡಿಯ ಮೊಳೆಯಲ್ಲಿ ಇನ್ನೂ ತೂಗುತ್ತಿದ್ದುದನ್ನು ಇನ್‌ಸ್ಪೆಕ್ಟರು ನೋಡಿದ್ದರು.

ಜಾಮೀನಿಗೆ ಸಹಿ ಹಾಕಿದವರು ದೂರು ಕೊಟ್ಟ ಅಧಿಕಾರಿಯೇ.

"ಇನ್ಮೇಲೆ ಸೀಳೋ ಕೆಲಸ ನನಗೆ ಬಿಡಿ," ಎಂದ ಅಜ್ಜ ಕಣ್ಣೊರೆಸಿಕೊಂಡು. "ನಿಮ್ಮದು ಬರೀ ಸೊಟ್ಟ. ನಾನು ಕತ್ತರಿ ಹಾಕಿದ್ರೆ ಯಾವ ದರ್ಜಿ ಕೈಲೂ ಮತ್ತೆ ಹೊಲಿಯೋಕಾಗಲ್ಲ."