ಎಳೆಯಳಾಗುತ್ತಿದ್ದ ಹೊನ್ನಮ್ಮ

"ನಮ್ಮವ್ವ ತೀರಿಹೋಗಿ ಎರಡು ವರ್ಷ ಆಯ್ತು ಮೇಡಂ. ಈಗ ಎಳೆಯಳಾಗ್ತಾ ಇದ್ದಾಳೆ ಅಂತ ಅಪ್ಪ ಹೇಳ್ತಾರೆ."

ಕವನಾ ಇದನ್ನು ಹೇಳಿದ್ದು ಹಾಡಹಗಲಿನಲ್ಲಿ, ವಿರಾಜಪೇಟೆಯ ನನ್ನ ಕಾಳುಮೆಣಸಿನ ಅಂಗಡಿಯ ಮಹಡಿಯಲ್ಲಿ. ಆದರೂ ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ. ಮಹಡಿಯಲ್ಲಿ ಇರುವವರು ಆಶಾರಾಣಿ, ಪೊಲೀಸ್ ಬೆರಳಚ್ಚು ವಿಭಾಗದಿಂದ ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಎಡವಟ್ಟಾದರೂ ಜನ ಅವರ ಮೆಟ್ಟಿಲು ಹತ್ತುತ್ತಾರೆ. ಅವರ ಹಿಂದೆ ಬಾಲದಂತೆ ಹೋಗುವವನು ನಾನು, ಚಂದ್ರು. ಅಂಗಡಿ ಯಾರು ನೋಡಿಕೊಳ್ಳುವುದು ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ.

ಕವನಾಳ ತಂದೆ ಧರ್ಮಪಾಲರು ಕಾಫಿ ಬೆಳೆಗಾರರು. ಎಸ್ಟೇಟ್ ಬಂಗಲೆಯ ಒಂದು ಭಾಗದಲ್ಲಿ ಮಿಲನ್ ಎಂಬ ಯುವ ವಿಜ್ಞಾನಿಗೆ ಪ್ರಯೋಗಾಲಯ ಮಾಡಿಕೊಟ್ಟಿದ್ದರು. ಅವರ ಹೆಂಡತಿ ಹೊನ್ನಮ್ಮ ಬದುಕಿದ್ದಾಗ ಸಂಶೋಧನೆಗೆಂದು ತಮ್ಮ ಮೂಳೆಮಜ್ಜೆ ಕೊಟ್ಟಿದ್ದರು. ಅದರಿಂದ ಬೆಳೆಸಿದ್ದು ಮೆಸೆಂಕೈಮಲ್ ಕಾಂಡಕೋಶಗಳು. ಮೂಳೆಯಾಗಿ, ಮೃದ್ವಸ್ಥಿಯಾಗಿ, ಕೊಬ್ಬಾಗಿ ಮಾರ್ಪಡಬಲ್ಲ ಕೋಶಗಳು. ಹೊನ್ನಮ್ಮ ತೀರಿಕೊಂಡ ಮೇಲೂ ಅವನ್ನು ಎಸೆಯಲು ಧರ್ಮಪಾಲರು ಬಿಡಲಿಲ್ಲ. ಆ ಕೋಶಗಳಿಗೆ ಆಹಾರದ ದ್ರವ ಬದಲಿಸುವ ಕೆಲಸ ಕವನಾಳದು. ಮುಪ್ಪಾಗಿ ಬೆಳವಣಿಗೆ ನಿಲ್ಲಿಸುತ್ತಿದ್ದ ಕೋಶಗಳು ಈಚೆಗೆ ಭರಭರನೆ ಹೆಚ್ಚುತ್ತಿದ್ದವು. ಹುತ್ತರಿ ಹಬ್ಬ ಕಳೆದ ಮೇಲೆ ಹೊರಗಿನಿಂದ ಒಬ್ಬ ಡಾಕ್ಟರನ್ನು ಕರೆಸಿ, ಅವನ್ನು ತಮ್ಮ ರಕ್ತಕ್ಕೇ ಚುಚ್ಚಿಸಿಕೊಳ್ಳುವುದೆಂದು ಧರ್ಮಪಾಲರು ಹಟ ಹಿಡಿದಿದ್ದರು.

"ಅಪ್ಪನ ಜೀವಕ್ಕೆ ಏನಾದರೂ ಆದರೆ?" ಎಂದಳು ಕವನಾ. "ಅದು ಅವ್ವನದು ಹೌದೋ ಅಲ್ಲವೋ, ನೀವೇ ನೋಡಿ ಹೇಳಿ."

ಮರುದಿನ ನಾವು ಹೋದಾಗ ಮಂಜು ಬಂಗಲೆಯ ಕಿಟಕಿಗೇ ಬಂದು ನಿಂತಿತ್ತು. ಧರ್ಮಪಾಲರು ಒಂದು ಉಕ್ಕಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, ಈ ಸಲ ಯಾವ ತೋಟದಲ್ಲಿ ಕಾಫಿ ಮೊದಲು ಹಣ್ಣಾಯಿತು ಎಂದು ತಗ್ಗಿದ ದನಿಯಲ್ಲಿ ಅದಕ್ಕೇ ಹೇಳುತ್ತಿದ್ದರು. ಒಳಗಿದ್ದದ್ದು ಅಂಗೈಯಗಲದ ಪ್ಲಾಸ್ಟಿಕ್ ಬಾಟಲಿ. ಪೆಟ್ಟಿಗೆ ಮೈಬಿಸಿಯಷ್ಟೇ ಬೆಚ್ಚಗಿತ್ತು. ಸೂಕ್ಷ್ಮದರ್ಶಕದಲ್ಲಿ ನಾನೂ ಕಣ್ಣಿಟ್ಟೆ. ತೆಳ್ಳಗಿನ, ಎರಡೂ ತುದಿ ಚೂಪಾದ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಸತ್ತ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಾಳೆ ಅನಿಸಿತು. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು.

ಮಿಲನ್‌ಗೆ ಅನುಮಾನವೇ ಇರಲಿಲ್ಲ. ಕೋಶದ ಮೇಲ್ಮೈಯ ಗುರುತುಗಳನ್ನು ಪರೀಕ್ಷಿಸಿದ್ದ. ಎಪ್ಪತ್ತಮೂರು, ತೊಂಬತ್ತು, ನೂರ ಐದು ಎಂದು ಕರೆಯುವ ಮೂರೂ ಇದ್ದವು; ರಕ್ತದ ಕೋಶಗಳಲ್ಲಿ ಕಾಣುವ ಮೂವತ್ತನಾಲ್ಕು, ನಲವತ್ತೈದು ಇರಲಿಲ್ಲ. ಮೊದಲ ದಿನ ಹೊನ್ನಮ್ಮನ ಕೋಶಗಳಲ್ಲಿ ಕಂಡದ್ದೂ ಇದೇ. ಮಳೆಗಾಲದಲ್ಲಿ ತಾನು ತರಬೇತಿಗೆ ಮೈಸೂರಿನಲ್ಲಿದ್ದೆ, ಮರಳಿ ಬಂದಾಗ ಕೋಶಗಳು ಚೇತರಿಸಿಕೊಂಡಿದ್ದವು ಎಂದ. ಆದರೆ ಚುಚ್ಚುವ ಮಾತಿಗೆ ತಾನು ಒಪ್ಪುವವನಲ್ಲ ಎಂದೂ ಹೇಳಿದ. ಬಾಟಲಿ ಇರುವವರೆಗೆ ಪ್ರಯೋಗಾಲಯ ಇರುತ್ತದೆಂದು ಧರ್ಮಪಾಲರು ಅವನಿಗೆ ಮಾತು ಕೊಟ್ಟಿದ್ದರು. ನನ್ನ ಮಟ್ಟಿಗೆ ಕಳ್ಳ ಸಿಕ್ಕಿಬಿಟ್ಟಿದ್ದ.

ಹೊರಡುವಾಗ ಕವನಾ ಮೇಲಿನ ಕಪಾಟಿಗೆ ಕೈಚಾಚಿದಳು. ಅಂಗಿಯ ತೋಳು ಜಾರಿ, ಮೊಣಕೈ ಹತ್ತಿರ ವಾಸಿಯಾದ ಕಲೆಯೊಂದು ಕಂಡಿತು. ಕಾಳುಮೆಣಸಿನಷ್ಟೇ ಗಾತ್ರ, ಅಷ್ಟೇ ದುಂಡಗೆ. ಕಾಫಿ ರೆಂಬೆ ಗೀರಿದ್ದು ಎಂದಳು. ಆಶಾ ಮೇಡಂ ತಲೆಯಾಡಿಸಿದರು. ಆಮೇಲೆ ಬಾಟಲಿಯ ಕೋಶಗಳನ್ನೂ, ಮಿಲನ್ ಹಿಂದೆ ಶೈತ್ಯದಲ್ಲಿಟ್ಟಿದ್ದ ಹೊನ್ನಮ್ಮನ ರಕ್ತವನ್ನೂ ಬೇರೊಂದು ಪರೀಕ್ಷೆಗೆ ಕಳಿಸಿಕೊಟ್ಟರು.

ಹುತ್ತರಿಗೆ ಮುಂಚೆಯೇ ಅವರು ಎಲ್ಲರನ್ನೂ ಆ ಪೆಟ್ಟಿಗೆಯ ಮುಂದೆ ಕೂರಿಸಿದರು.

"ನಮ್ಮ ಕಡೆ ಮನೆಹೆಸರು ಕೇಳಿದ ಕೂಡಲೇ ಆಳು ಗೊತ್ತಾಯ್ತು ಅಂದ್ಕೊಳ್ತೇವೆ," ಎಂದರು. "ಗೊತ್ತಾಗೋದು ಯಾವ ಮನೆ ಅಂತ ಮಾತ್ರ. ಆ ಮನೆಯ ಯಾರು ಅಂತ ಅಲ್ಲ. ಈ ಗುರುತುಗಳೂ ಹಾಗೇ. ಕೋಶದ ಜಾತಿ ಹೇಳ್ತವೆ, ಯಜಮಾನನ ಹೆಸರು ಹೇಳೋದಿಲ್ಲ. ಚರ್ಮದ ನಾರುಕೋಶಗಳಿಗೂ ಇವೇ ಗುರುತು ಉಂಟು, ಅಲ್ವಾ ಮಿಲನ್?"

ಮಿಲನ್ ಬಾಟಲಿಯ ಕಡೆ ತಿರುಗಿದ. ಹೌದು ಎಂದ.

"ಬಾಟಲಿಯಲ್ಲಿ ಬೆಳೆಸಿದ ಮನುಷ್ಯರ ಇಂಥ ಕೋಶಕ್ಕೆ ಒಮ್ಮೆ ಮುಪ್ಪು ಬಂದರೆ ಎಳೆತನ ಮರಳೋದಿಲ್ಲ. ಹಾಗಾದರೆ ಇವು ಹೊಸವು. ಮಿಲನ್ ಇಟ್ಟಿರಬಹುದು ಅಂತ ನಮ್ಮ ಚಂದ್ರು ಆಗಲೇ ಅವನನ್ನ ಜೈಲಿಗೆ ಹಾಕಿಬಿಟ್ಟಿದ್ದ. ಆದರೆ ಪರೀಕ್ಷೆ ಪ್ರಕಾರ ಇವು ಹೆಣ್ಣಿನ ಕೋಶ. ಮಳೆಗಾಲದಲ್ಲಿ ಇಲ್ಲಿ ಒಬ್ಬಳೇ ಇದ್ದವಳು ಯಾರು? ರೆಂಬೆ ಗೀರಿದರೆ ಗೆರೆ ಬೀಳ್ತದೆ. ಚರ್ಮದ ಚೂರು ತೆಗೆಯೋ ಕೊಳವೆ ಒತ್ತಿದರೆ ದುಂಡು ಕಲೆ. ಡಿಎನ್ಎ ಪರೀಕ್ಷೆಯ ವರದಿಯಲ್ಲಿ ಈ ಕೋಶಗಳು ಹೊನ್ನಮ್ಮನವರಿಗೆ ಅರ್ಧಕ್ಕೆ ಅರ್ಧ ಹೊಂದಿವೆ. ಮಗಳದು ಹೊಂದೋದೇ ಹಾಗೆ. ಕವನಾ, ನೀನು ನಮ್ಮ ಹತ್ತಿರ ಬಂದದ್ದು ಸಿಕ್ಕಿಬೀಳೋದಕ್ಕೇ."

ಕವನಾ ಅಳಲಿಲ್ಲ. ಅವ್ವನ ಕೋಶಗಳೆಲ್ಲ ಸತ್ತು, ಬಾಟಲಿಯ ತಳದಿಂದ ಕಳಚಿ ತೇಲುತ್ತಿದ್ದುದನ್ನು ಕಂಡು, ಅಪ್ಪ ಇನ್ನೊಂದು ಸಲ ಆ ಸಾವನ್ನು ತಡೆದುಕೊಳ್ಳಲಾರರು ಎಂದು ತನ್ನ ಚರ್ಮದ ಕೋಶಗಳನ್ನು ಬೆಳೆಸಿ ಬಾಟಲಿಯಲ್ಲಿಟ್ಟೆ ಎಂದಳು. ಅವರು ಅದನ್ನು ಮೈಗೆ ಚುಚ್ಚಿಸಿಕೊಳ್ಳಲು ಹೊರಡುತ್ತಾರೆಂದು ಅವಳು ಎಣಿಸಿರಲಿಲ್ಲ. ತಾನಾಗಿ ಬಾಯಿಬಿಡುವ ಧೈರ್ಯವೂ ಬರಲಿಲ್ಲ.

ಧರ್ಮಪಾಲರು ಬೈಯಬಹುದೆಂದು ನಾನು ಕಾದೆ. ಅವರು ಮಗಳ ತೋಳಿನ ಕಲೆಯನ್ನು ನೋಡಿದರು.

"ಈ ಬಾಟಲಿಯಿಂದ ನಿಮ್ಮವ್ವ ಯಾವ ದಿನ ಹೋದಳು, ಮಗ?"

"ಮಳೆಗಾಲದಲ್ಲಿ, ಕಕ್ಕಡ ತಿಂಗಳ ಅಮಾವಾಸ್ಯೆ ದಿನ ಅಪ್ಪ. ಬೆಳಗ್ಗೆ."

ಅವರು ಎದ್ದು, ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು. ಹಿಂದಿನ ಬಾಗಿಲಿನಿಂದ ಆ ಚಳಿಯಲ್ಲೇ ಬಾವಿಕಟ್ಟೆಗೆ ಹೋಗಿ, ಸಾವಿನ ಸುದ್ದಿ ಈಗಷ್ಟೇ ತಲುಪಿದವರಂತೆ ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಎರಡನೆಯ ಕೊಡವನ್ನು ಕವನಾ ಸೇದಿಕೊಟ್ಟಳು.